ನಾಯಿಮರಿ ಕಲಿಸಿದ್ದು

ಮಗಳಿಗೆಂದು ಹಾಕಿದ ‘ಬ್ಲೂಯಿ’ಯನ್ನು ಈಗ ನಾನೇ ಮೊದಲು ಹೋಗಿ ಕೂತು ನೋಡುತ್ತೇನೆ. 2018ರಲ್ಲಿ ನಮ್ಮ ಬ್ರಿಸ್ಬೇನಿನಲ್ಲೇ ಹುಟ್ಟಿದ ಈ ನಾಯಿ ಸಂಸಾರದ ಕಾರ್ಟೂನು ಕಂತಿಗೆ ಏಳೇ ನಿಮಿಷ. ‘ಬೇಬಿ ರೇಸ್’ ಕಂತಿನಲ್ಲಿ, ಜೊತೆಯ ಕೂಸು ಜೂಡೋ ಮುಂದಾದಳು, ತನ್ನ ಬ್ಲೂಯಿ ಹಿಂದುಳಿದಳೆಂದು ತಾಯಿ ಚಿಲ್ಲಿ ಕೊರಗಿ, ತಾಯಂದಿರ ಕೂಟಕ್ಕೆ ಹೋಗುವುದನ್ನೇ ಬಿಡುತ್ತಾಳೆ. ಒಂಬತ್ತು ಮಕ್ಕಳ ತಾಯಿ ಬೆಲ್ಲಾ ಮನೆಗೇ ಬಂದು, ಉಪದೇಶ ಮಾಡದೆ, ನೀನು ಚೆನ್ನಾಗಿಯೇ ಸಾಕುತ್ತಿದ್ದೀಯೆಂದು ಹೇಳುತ್ತಾಳೆ, ಅಷ್ಟೇ. ಯಾರ ಮಗು ಎಷ್ಟು ಕನ್ನಡ ಓದುತ್ತದೆಂದು ಸಂಘದ ಊಟದ ಸಾಲಿನಲ್ಲಿ ಲೆಕ್ಕ ಹಾಕುತ್ತಿದ್ದ ನನಗೆ ಚುರುಕ್ಕೆಂದಿತು.

ಒಂದು ದೂರೂ ಇದೆ. ಅಪ್ಪ ಬ್ಯಾಂಡಿಟ್ ಮಕ್ಕಳು ಕರೆದಾಗಲೆಲ್ಲ ಆಟಕ್ಕಿಳಿಯುತ್ತಾನೆ. ಇಂಥ ಅಪ್ಪ ಯಾವ ಮನೆಯಲ್ಲಿದ್ದಾನೆ? ನಮ್ಮ ಮನೆಯವರಂತೂ ಆ ಹೊತ್ತಿಗೆ ಮೊಬೈಲಿನಲ್ಲಿ ಮುಳುಗಿರುತ್ತಾರೆ.