ಟಾರ್ಚಿನ ಚೀಟಿಗೊಂದು ಟೀಕೆ

ನಮ್ಮ ಮನೆಯ ಜಗಲಿ ಬಾಗಿಲ ಪಕ್ಕದ ಮೊಳೆಗೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಟಾರ್ಚೊಂದು ನೇತಾಡುತ್ತಿರುತ್ತದೆ. ಹೆಸರು ನೊವಾಟ್ಯಾಕ್ 120ಪಿ. 2007ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಸರಕು. ಅಲ್ಲಿದ್ದ ಭಾವ ರಜೆಗೆ ಬಂದಾಗ ಕೊಟ್ಟುಹೋದದ್ದು. ಅರಿಝೋನಾ ರಾಜ್ಯದ ಟೂಸಾನ್‌ನಲ್ಲಿ ಹೆನ್ರಿ ಶ್ನೈಕರ್ ಎಂಬವರು ಗುಹೆ ಹೊಕ್ಕು ತಿರುಗುವವರಿಗಾಗಿ ದೀಪ ತಯಾರಿಸುತ್ತಿದ್ದರು. ಅವರ ಎಚ್‌ಡಿಎಸ್ ಸಂಸ್ಥೆಯ ಜೇಬುಟಾರ್ಚುಗಳ ವಿನ್ಯಾಸದಿಂದಲೇ ಇದು ಹುಟ್ಟಿದ್ದು. ಒಳಗೊಂದು ಪುಟ್ಟ ಮೈಕ್ರೊಕಂಟ್ರೋಲರ್ ಇದೆ. ಯಾವ ಒತ್ತಿಗೆ ಎಷ್ಟು ಬೆಳಕು ಬರಬೇಕೆಂದು ನಾವೇ ಹೇಳಿಕೊಡಬಹುದು. ಸೆಲ್ ಬದಲಾಯಿಸಿದರೂ ಅದು ಮರೆಯುವುದಿಲ್ಲ.

ಮನೆಗೆ ಬಂದವರಿಗೆಲ್ಲ ವಿವರಿಸಿ ಸಾಕಾಗಿ ಒಂದು ಚೀಟಿ ಬರೆದು ಅದೇ ಮೊಳೆಗೆ ಸಿಕ್ಕಿಸಿದೆ. ಚೀಟಿ ಓದಿದವರು ಮೊದಲಿಗಿಂತ ಹೆಚ್ಚು ಪ್ರಶ್ನೆ ಕೇಳತೊಡಗಿದರು. ಮೂಲಕ್ಕಿಂತ ಟೀಕೆ ಉದ್ದವಾಗುವುದು ನಮ್ಮಲ್ಲಿ ಹಳೆಯ ಸಂಪ್ರದಾಯ, ಹಾಗಾಗಿ ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ.

«ಒಮ್ಮೆ ಒತ್ತಿ ಬಿಟ್ಟರೆ ಹತ್ತುತ್ತದೆ. ಮತ್ತೊಮ್ಮೆ ಒತ್ತಿದರೆ ಆರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.»

ನಿಜಕ್ಕೂ ಸಾಕು. ಮುಂದಿನ ಸಾಲುಗಳನ್ನು ಓದದೆ ಇದನ್ನು ಒಯ್ದವರು ಯಾರೂ ಕತ್ತಲಲ್ಲಿ ಎಡವುವುದಿಲ್ಲ. ಮೊದಲ ಒತ್ತಿಗೆ ನಾನು ಇಟ್ಟಿರುವುದು ಪೂರ್ತಿ ಶಕ್ತಿಯ ಹತ್ತನೇ ಒಂದು ಭಾಗದಷ್ಟು ಬೆಳಕು. ಚಪ್ಪಲಿ ಹುಡುಕಲು, ಕೊಟ್ಟಿಗೆಯ ಅಗುಳಿ ಹಾಕಲು, ಬಚ್ಚಲಿಗೆ ಹೋಗಿಬರಲು ಅದು ಧಾರಾಳ. ಟಾರ್ಚಿನ ಕೆಲಸವೆಲ್ಲ ಬಹುಪಾಲು ನಾಲ್ಕು ಮಾರಿನೊಳಗೇ ಮುಗಿಯುತ್ತದೆ. ಈಗಿನ ಎಷ್ಟೋ ಟಾರ್ಚುಗಳು ಕಳೆದ ಸಲ ಯಾರು ಯಾವ ಮಟ್ಟದಲ್ಲಿ ಆರಿಸಿದ್ದರೋ ಅದರಲ್ಲೇ ಹತ್ತುತ್ತವೆ. ಮಧ್ಯರಾತ್ರಿ ನಿದ್ದೆಗಣ್ಣಿನವರಿಗೆ ಅದಕ್ಕಿಂತ ದೊಡ್ಡ ಉಪದ್ರವ ಇನ್ನೊಂದಿಲ್ಲ. ಇದು ಯಾರ ಕೈಯಲ್ಲಿ ಹತ್ತಿದರೂ ಅದೇ ಬೆಳಕು.

«ಒತ್ತಿ ಹಿಡಿದರೆ ಪೂರ್ತಿ ಬೆಳಕು. ಯಾರ ಮುಖಕ್ಕೂ ಬಿಡಬೇಡಿ.»

ಪೂರ್ತಿ ಎಂದರೆ 120 ಲೂಮೆನ್. ಈ ಅಂಕಿ ಕೇಳಿದ ಕೂಡಲೇ ಅಣ್ಣನ ಮಗ ನಗುತ್ತಾನೆ. ಅವನ ಟಾರ್ಚಿನ ಡಬ್ಬಿಯ ಮೇಲೆ ಸಾವಿರದ ಲೆಕ್ಕವಿದೆ. ಈ ಜಗಳ ಎರಡು ಕಡೆಯಿಂದ ಬಿಡಿಸಬೇಕಾದದ್ದು.

ಮೊದಲನೆಯದು ಕಣ್ಣು. ಬೆಳಕು ಎರಡು ಪಟ್ಟಾದರೆ ಕಣ್ಣಿಗೆ ಎರಡು ಪಟ್ಟು ಕಾಣುವುದಿಲ್ಲ. ಹಾಗೆ ಕಾಣಬೇಕಾದರೆ ಸುಮಾರು ನಾಲ್ಕು ಪಟ್ಟು ಬೇಕು. ಆ ಲೆಕ್ಕದಲ್ಲಿ 120ಕ್ಕೂ 1000ಕ್ಕೂ ಕಣ್ಣಿಗೆ ತಿಳಿಯುವ ಅಂತರ ಮೂರು ಪಟ್ಟಿನಷ್ಟೂ ಇಲ್ಲ. ಅಷ್ಟಕ್ಕೆ ಸೆಲ್ ಮಾತ್ರ ಎಂಟು ಪಟ್ಟು ತೆರಬೇಕಾಗುತ್ತದೆ.

ಎರಡನೆಯದು ಡಬ್ಬಿಯ ಮೇಲಿನ ಬರಹ. ಟಾರ್ಚುಗಳನ್ನು ಅಳೆಯಲು ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್1 ಎಂಬ ಮಾನದಂಡ ಬಂತು. ಅದಕ್ಕೂ ಮುಂಚೆ ಯಾರು ಏನು ಬರೆದರೂ ನಡೆಯುತ್ತಿತ್ತು. ಮಾನದಂಡ ಬಂದದ್ದು ಒಳ್ಳೆಯದೇ, ಆದರೆ ಅದರ ನಿಯಮಗಳನ್ನು ಓದಿದವರು ಡಬ್ಬಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಬೆಳಕನ್ನು ಅಳೆಯುವುದು ಟಾರ್ಚು ಹೊತ್ತಿಸಿ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಎಷ್ಟು ಹೊತ್ತು ಉರಿಯುತ್ತದೆ ಎಂಬ ಗಂಟೆಗಳನ್ನು ಎಣಿಸುವುದು ಆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ. ಒಂದು ಟಾರ್ಚು ಮೊದಲ ನಿಮಿಷ ಸಾವಿರ ಲೂಮೆನ್ ಚೆಲ್ಲಿ, ಮೈ ಕಾದದ್ದೇ ತಣ್ಣಗೆ ಕಾಲು ಭಾಗಕ್ಕಿಳಿದು, ಅಲ್ಲಿಂದ ಗಂಟೆಗಟ್ಟಲೆ ತೆವಳಿದರೂ ಡಬ್ಬಿಯ ಮೇಲೆ ಸಾವಿರವನ್ನೂ ಗಂಟೆಗಳನ್ನೂ ಒಟ್ಟಿಗೆ ಬರೆಯಬಹುದು. ಎರಡೂ ಸುಳ್ಳಲ್ಲ. ಎಲ್‌ಇಡಿಯ ಬಿಸಿಯನ್ನು ಹೊರಗೆ ಹಾಕಲು ಇಷ್ಟು ಚಿಕ್ಕ ಅಲ್ಯೂಮಿನಿಯಂ ಮೈಗೆ ಸಾಧ್ಯವಿಲ್ಲದ್ದರಿಂದ ಹೀಗಾಗುತ್ತದೆಯೇ ಹೊರತು ತಯಾರಿಸಿದವನ ಕಪಟದಿಂದಲ್ಲ. ಕಪಟವಿದ್ದರೆ ಅದು ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಆಯ್ಕೆಯಲ್ಲಿದೆ.

ಹಾಗೆಂದು ಅಣ್ಣನ ಮಗನ ಟಾರ್ಚು ದಂಡವಲ್ಲ. ಕೆರೆಯಾಚೆ ದಡದಲ್ಲಿ ಏನಿದೆ, ಅಡಿಕೆ ಮರದ ತಲೆಯಲ್ಲಿ ಸದ್ದು ಮಾಡಿದ್ದು ಯಾವುದು ಎಂದು ನೋಡಬೇಕಾದಾಗ ನಾನೂ ಅವನನ್ನೇ ಕರೆಯುತ್ತೇನೆ.

ಮುಖಕ್ಕೆ ಬಿಡಬಾರದೆನ್ನುವುದು ಮರ್ಯಾದೆಯ ಮಾತು, ವಿವರಣೆ ಬೇಡ.

«ಎರಡು ಸಲ ಟಕ್‌ಟಕ್ ಎಂದು ಒತ್ತಿದರೆ ಅತಿ ಸಣ್ಣ ಬೆಳಕು. ಕೆಟ್ಟಿದೆ ಅಂದುಕೊಳ್ಳಬೇಡಿ.»

ಈ ಟಾರ್ಚನ್ನು ನಾನು ಬಿಡದಿರುವುದಕ್ಕೆ ಕಾರಣ ಈ ಸಾಲಿನಲ್ಲಿದೆ. ಈ ಒತ್ತಿಗೆ ನಾನು ಇಟ್ಟಿರುವುದು 0.3 ಲೂಮೆನ್. ಹಗಲಲ್ಲಿ ಒತ್ತಿ ನೋಡಿದವರು ಸೆಲ್ ಸತ್ತಿದೆ ಎಂದು ವಾಪಸ್ ಕೊಡುತ್ತಾರೆ. ರಾತ್ರಿ ನೋಡಬೇಕು.

ಒಂದು ಲೂಮೆನ್ ಒಂದು ಚದರ ಮೀಟರಿನ ಮೇಲೆ ಹರಡಿದರೆ ಅದು ಒಂದು ಲಕ್ಸ್. ಅಂದರೆ ಈ 0.3 ಲೂಮೆನ್ ಅನ್ನು ಹಾಸಿಗೆಯ ಪಕ್ಕದ ಒಂದು ಚದರ ಮೀಟರ್ ನೆಲಕ್ಕೆ ಚೆಲ್ಲಿದರೆ 0.3 ಲಕ್ಸ್. ಮೋಡವಿಲ್ಲದ ಹುಣ್ಣಿಮೆಯ ರಾತ್ರಿ ಅಂಗಳಕ್ಕೆ ಬೀಳುವ ಬೆಳದಿಂಗಳು ಹೆಚ್ಚುಕಡಿಮೆ ಅಷ್ಟೇ. ಎಫ್‌ಎಲ್1 ಮಾನದಂಡವೂ ಟಾರ್ಚಿನ ಬೆಳಕು ಎಷ್ಟು ದೂರ ಹೋಗುತ್ತದೆಂದು ಹೇಳುವಾಗ 0.25 ಲಕ್ಸ್ ಉಳಿಯುವ ದೂರವನ್ನೇ ಗಡಿಯಾಗಿ ಇಟ್ಟುಕೊಂಡಿದೆ. ಡಬ್ಬಿಯ ಮೇಲೆ ‘200 ಮೀಟರ್’ ಎಂದಿದ್ದರೆ ಅಷ್ಟು ದೂರದಲ್ಲಿ ಬೆಳದಿಂಗಳಷ್ಟು ಬೆಳಕು ಬೀಳುತ್ತದೆ ಎಂದಷ್ಟೇ ಅರ್ಥ. ಆ ಬೆಳದಿಂಗಳನ್ನು ಇನ್ನೂರು ಮೀಟರ್ ಆಚೆ ಚೆಲ್ಲಲು ಟಾರ್ಚು ಕೊಳ್ಳುವ ನಾವು, ಅದನ್ನೇ ಕಾಲಬುಡಕ್ಕೆ ಚೆಲ್ಲುವ ಟಾರ್ಚು ಕೇಳುವುದಿಲ್ಲ.

ಕಾಲಬುಡಕ್ಕೆ ಅದು ಯಾಕೆ ಬೇಕು? ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಕೆಡಿಸದಿರಲು. ರೆಟಿನಾದಲ್ಲಿ ಮಂದ ಬೆಳಕಿಗೆಂದೇ ಕಡ್ಡಿಯಂಥ ಕೋಶಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಪ್ರಖರ ಬೆಳಕಿಗೆ ಬಿಳಿಚಿಹೋಗುತ್ತದೆ. ಅದು ಮತ್ತೆ ತುಂಬಿಕೊಂಡು ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕಾಗುತ್ತದೆ, ವಯಸ್ಸಾದವರಿಗೆ ಇನ್ನೂ ನಿಧಾನ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನ ಟಾರ್ಚು ಹಾಕಿ, ಮಾತ್ರೆ ನುಂಗಿ, ಆರಿಸಿದ ಮೇಲೆ ಮಂಚದ ಕಾಲಿಗೆ ಬೆರಳು ಕುಟ್ಟಿಕೊಂಡವರಿಗೆ ಈ ಅರ್ಧ ಗಂಟೆಯ ಮಹಿಮೆ ಗೊತ್ತು. ಮಾತ್ರೆಯ ಹೆಸರು ಓದಲು ಮಾತ್ರ ಇನ್ನೊಂದು ಮೆಟ್ಟಿಲು ಏರಿಸಬೇಕು, ಬೆಳದಿಂಗಳಲ್ಲಿ ಸಣ್ಣ ಅಕ್ಷರ ಕಾಣುವುದಿಲ್ಲ. ಉಳಿದಂತೆ ಸೊಳ್ಳೆಪರದೆಯೊಳಗೆ ಮಗು ಹೊದಿಕೆ ಒದ್ದಿದೆಯೇ ನೋಡಲು, ಪಕ್ಕದವರ ನಿದ್ದೆ ಕೆಡಿಸದೆ ಎದ್ದುಹೋಗಲು ಇದೇ ಸರಿ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಕರೆಂಟು ಬರುವುದಕ್ಕೆ ಮೂರು ದಿನವಾದರೂ ಆದೀತು. ಆಗ ಇದನ್ನು ಅಡುಗೆಮನೆಯ ಬಿಳಿ ಗೋಡೆಗೆ ತಿರುಗಿಸಿ ಹೊತ್ತಿಸಿಟ್ಟರೆ ರಾತ್ರಿಯಿಡೀ ಇರುತ್ತದೆ, ಮರುರಾತ್ರಿಗೂ ಇರುತ್ತದೆ.

ಗುಹೆಯವರ ಅನುಭವ ಇಲ್ಲಿ ಕೆಲಸ ಮಾಡಿದೆ ಅನಿಸುತ್ತದೆ. ನೆಲದಡಿಯ ಕತ್ತಲಲ್ಲಿ ಕಣ್ಣು ಎಷ್ಟು ಹೊಂದಿಕೊಂಡರೂ ಏನೂ ಕಾಣದು, ಅಲ್ಲಿ ಬೆಳಕೇ ಇರುವುದಿಲ್ಲ. ಅಲ್ಲಿಗೆ ಹೋಗುವವರಿಗೆ ಎಷ್ಟು ಜೋರಾಗಿ ಎನ್ನುವುದಕ್ಕಿಂತ ಎಷ್ಟು ಹೊತ್ತು ಎನ್ನುವುದು ಮುಖ್ಯ. ಒಬ್ಬೊಬ್ಬರೂ ಬೇರೆಬೇರೆ ಮೂರು ದೀಪ ಒಯ್ಯಬೇಕು ಎಂಬುದು ಅವರಲ್ಲಿ ರೂಢಿಯಾದ ನಿಯಮ.

«ಸುಮ್ಮಸುಮ್ಮನೆ ಪಟಪಟ ಒತ್ತುತ್ತ ಕೂರಬೇಡಿ.»

ಮಕ್ಕಳಿಗೆ ಬರೆದದ್ದು. ದೊಡ್ಡವರೇ ಹೆಚ್ಚು ಮುರಿಯುತ್ತಾರೆ. ಹೀಗೆ ಒತ್ತುತ್ತ ಹೋದರೆ ಟಾರ್ಚು ಪಾಠ ಹೇಳಿಸಿಕೊಳ್ಳುವ ಸ್ಥಿತಿಗೆ ಹೋಗುತ್ತದೆ. ಪರದೆಯಿಲ್ಲ, ಅಕ್ಷರವಿಲ್ಲ, ಇರುವುದು ಬಾಲದಲ್ಲೊಂದು ಗುಂಡಿ, ತಲೆಯಲ್ಲೊಂದು ದೀಪ. ನಾವು ಒತ್ತಿ ಕೇಳಬೇಕು, ಅದು ಮಿನುಗಿ ಹೇಳುತ್ತದೆ. ಬೆಳಕನ್ನು ಒಂದೊಂದೇ ಮೆಟ್ಟಿಲು ಏರಿಸಿ ಇಳಿಸಿ ಬೇಕಾದಲ್ಲಿ ನಿಲ್ಲಿಸಿ ಉಳಿಸಿಕೊಳ್ಳಬೇಕು. ಮೊದಲ ಸಲ ಮಾಡುವಾಗ ತಂತಿಕಚೇರಿಯ ಕೆಲಸಕ್ಕೆ ಸೇರಿದಂತೆ ಅನಿಸುತ್ತದೆ. ಕಣ್ಣಿಗೆ ರಾಚುವಂತೆ ಪಟಪಟ ಬಡಿದುಕೊಳ್ಳುವ ಸ್ಟ್ರೋಬ್ ನಮ್ಮ ಮನೆಯಲ್ಲಿ ಯಾರಿಗೂ ಬೇಡವಾದ್ದರಿಂದ ಅದಕ್ಕೆ ಯಾವ ಒತ್ತನ್ನೂ ಕೊಟ್ಟಿಲ್ಲ.

ಪ್ರೋಗ್ರಾಂ ಮಾಡಬಹುದಾದ ಟಾರ್ಚು ಎಂದರೆ ದಿನಾ ಪ್ರೋಗ್ರಾಂ ಮಾಡುವ ಟಾರ್ಚು ಎಂದು ಕೆಲವರು ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ತಲೆಕೆಳಗು. ಒಂದು ಸಂಜೆ ಕೂತು ಮಾಡಿ ಮುಗಿಸಿ, ಆಮೇಲೆ ಆ ಮಾತೇ ಮರೆತುಹೋಗಬೇಕು. ಮೊಬೈಲು ತಿಂಗಳಿಗೊಮ್ಮೆ ಅಪ್‌ಡೇಟ್ ಆಗಿ ಗುಂಡಿಗಳ ಜಾಗ ಬದಲಾಯಿಸುತ್ತದೆ. ಇದು ಅಂದು ಕಲಿತದ್ದನ್ನೇ ಇಂದೂ ಒಪ್ಪಿಸುತ್ತದೆ, ಹೆಬ್ಬೆರಳಿಗೆ ಕತ್ತಲಲ್ಲೂ ಬಾಯಿಪಾಠ.

«ಪೆನ್ಸಿಲ್ ಸೆಲ್ ಹಿಡಿಸುವುದಿಲ್ಲ. ಡ್ರಾಯರಿನಲ್ಲಿರುವ ಗಿಡ್ಡ ಸೆಲ್ಲೇ ಹಾಕಿ. ಅದನ್ನು ಚಾರ್ಜ್ ಮಾಡಬೇಡಿ.»

ಗಿಡ್ಡ ಸೆಲ್ಲಿನ ಹೆಸರು ಸಿಆರ್123ಎ. 17 ಮಿಲಿಮೀಟರ್ ದಪ್ಪ, ಮೂವತ್ತನಾಲ್ಕೂವರೆ ಮಿಲಿಮೀಟರ್ ಉದ್ದ, 3 ವೋಲ್ಟ್. ಇದು ಬಳಕೆಗೆ ಬಂದದ್ದು ಫಿಲಂ ಕ್ಯಾಮೆರಾಗಳಿಗೆ. ಹಾಗಾಗಿ ನಮ್ಮ ಕಡೆ ಒಂದು ಕಾಲಕ್ಕೆ ಫೋಟೋ ಸ್ಟುಡಿಯೋದಲ್ಲಿ ಸಿಗುತ್ತಿತ್ತು; ಈಗ ಆನ್‌ಲೈನೇ ಗತಿ. ಬೆಲೆ ಹೆಚ್ಚು. ಈ ಟಾರ್ಚಿನ ಮೇಲಿರುವ ದೂರುಗಳಲ್ಲಿ ಇದು ನ್ಯಾಯವಾದದ್ದು.

ಆದರೆ ಒಂದು ಗುಣಕ್ಕಾಗಿ ನಾನು ಬೆಲೆಯನ್ನು ನುಂಗಿಕೊಳ್ಳುತ್ತೇನೆ. ಹಿಂದಿನ ಎರಡು-ಮೂರು ಸೆಲ್ಲಿನ ಉದ್ದ ಟಾರ್ಚುಗಳು ಸತ್ತದ್ದು ಬಿದ್ದು ಒಡೆದಲ್ಲ, ಸೆಲ್ ಸೋರಿ. ಅಗ್ಗದ ಸತುವಿನ ಸೆಲ್ಲಿನಲ್ಲಿ ಹೊರಗಿನ ಡಬ್ಬಿಯೇ ಸತು. ವಿದ್ಯುತ್ ಕೊಡುತ್ತ ಕೊಡುತ್ತ ಅದು ತನ್ನ ಗೋಡೆಯನ್ನೇ ತಿನ್ನುತ್ತದೆ. ತೂತು ಬಿದ್ದು ಒಳಗಿನ ರಸ ಹೊರಬಂದರೆ ಸ್ಪ್ರಿಂಗಿಗೆ ಹಸಿರು ಕಿಲುಬು. ಲಿಥಿಯಂನ ಈ ಗಿಡ್ಡ ಸೆಲ್ ಭದ್ರವಾಗಿ ಮುಚ್ಚಿದ್ದು. ಹತ್ತು ವರ್ಷ ಡ್ರಾಯರಿನಲ್ಲಿ ಬಿದ್ದಿದ್ದರೂ ಕೆಲಸಕ್ಕೆ ಬರುತ್ತದೆ. ಇಂಥವನ್ನು ಎರಡೆರಡು ಹಾಕುವ ಟಾರ್ಚಿನಲ್ಲಿ ಒಂದು ಹೊಸದು ಒಂದು ಅರ್ಧ ಮುಗಿದದ್ದು ಸೇರಿದರೆ ಅಪಾಯ: ಬಲಹೀನವಾದದ್ದನ್ನು ಬಲವಾದದ್ದು ಹಿಂದುಮುಂದಾಗಿ ತಳ್ಳಿ, ಸೆಲ್ ಬಿಸಿಯಾಗಿ ಸಿಡಿಯಬಹುದು. ಇದರಲ್ಲಿರುವುದು ಒಂದೇ ಸೆಲ್, ಆ ತಲೆನೋವಿಲ್ಲ. ಇದೇ ಗಾತ್ರದಲ್ಲಿ ಚಾರ್ಜ್ ಆಗುವ ಬೇರೆ ಜಾತಿಯದೂ ಇದೆ. ಎರಡನ್ನೂ ಒಂದೇ ಡ್ರಾಯರಿನಲ್ಲಿಟ್ಟರೆ ಯಾರಾದರೂ ಚಾರ್ಜ್ ಆಗದ್ದನ್ನು ಚಾರ್ಜರಿಗೆ ಹಾಕಿ ಮನೆಗೆ ಬೆಂಕಿ ತಂದಾರು ಎಂಬ ಹೆದರಿಕೆಗೆ ನಾನು ಆ ಜಾತಿಯನ್ನು ತರಲೇ ಇಲ್ಲ.

«ಬೆಳಕು ತಾನಾಗಿ ಇಳಿದರೆ ಸೆಲ್ ಮುಗಿಯುತ್ತಿದೆ ಎಂದು ತಿಳಿಯಿರಿ.»

ಹಳೆಯ ಬಲ್ಬಿನ ಟಾರ್ಚು ಕೆಂಪಾಗಿ, ಇನ್ನೂ ಕೆಂಪಾಗಿ, ದಾರಿ ಕಾಣದ ಹಾಗಾದರೂ ಉರಿಯುತ್ತಲೇ ಇರುತ್ತಿತ್ತು. ಎಲ್‌ಇಡಿ ಬಂದ ಮೇಲೆ ಕೆಲವು ಟಾರ್ಚುಗಳು ಕೊನೆಯವರೆಗೂ ಒಂದೇ ಸಮ ಬೆಳಗಿ, ಸೆಲ್ ಮುಗಿದ ಕ್ಷಣ ಫಕ್ಕನೆ ಆರಿಬಿಡುತ್ತವೆ. ತೋಟದ ಸಂಕದ ನಡುವೆ ಇಂಥದ್ದಾದರೆ ಎಲ್ಲಿಗೂ ಹೋಗುವ ಹಾಗಿಲ್ಲ. ಇದು ಹಿಡಿದದ್ದು ಮಧ್ಯದ ದಾರಿ: ಸೆಲ್ ತಾಳಲಾರದು ಎಂದಾಗ ಕೆಳಗಿನ ಮೆಟ್ಟಿಲಿಗೆ ಇಳಿದು ಅಲ್ಲಿ ನಿಲ್ಲುತ್ತದೆ, ಆಮೇಲೆ ಇನ್ನೊಂದು ಮೆಟ್ಟಿಲು. ಮನೆ ಮುಟ್ಟಿಸುತ್ತದೆ.

«ಬಣ್ಣ ನೋಡಲು ಇದನ್ನು ನಂಬಬೇಡಿ.»

ಪ್ರೀತಿಯಿದೆಯೆಂದು ದೋಷ ಮುಚ್ಚಬಾರದು. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ದೀಪ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಒಂದಷ್ಟು ನೀಲಿಯನ್ನು ಹೀರಿ ಹಳದಿಯಾಗಿ ಬಿಡುತ್ತದೆ. ಎರಡೂ ಬೆರೆತು ಬಿಳಿ. ಆ ನೀಲಿ ದೀಪವನ್ನು ಸಾಧಿಸಿದ್ದಕ್ಕೇ ಅಕಸಾಕಿ, ಅಮಾನೊ, ನಕಾಮುರ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು. 2007ರ ಕಾಲದ ಎಲ್‌ಇಡಿಗಳ ಬೆರಕೆಯಲ್ಲಿ ಕೆಂಪು ಬಹಳ ಕಡಿಮೆ. ಇದರ ಬೆಳಕಿನಲ್ಲಿ ಹಣ್ಣಡಿಕೆ ಮಂಕಾಗಿ ಕಾಣುತ್ತದೆ, ಮನುಷ್ಯರ ಮುಖ ಜ್ವರ ಬಂದಂತೆ. ಗಾಯದ ರಕ್ತ ಕೆಸರಿನ ಹಾಗೆ ಕಂಡು ಎಷ್ಟು ಆಳವೆಂದು ತಿಳಿಯುವುದಿಲ್ಲ. ಈಗಿನ ಒಳ್ಳೆಯ ಎಲ್‌ಇಡಿಗಳು ಈ ವಿಷಯದಲ್ಲಿ ಎಷ್ಟೋ ಮುಂದೆ ಹೋಗಿವೆ. ಈ ಜಾತಿಯ ಟಾರ್ಚನ್ನು ಬಿಡಲಾರದ ಹವ್ಯಾಸಿಗಳು ತಲೆ ಬಿಚ್ಚಿ ಹೊಸ ಎಲ್‌ಇಡಿ ಕೂರಿಸಿಕೊಳ್ಳುವುದೂ ಉಂಟು. ನನಗೆ ಆ ಧೈರ್ಯವಿಲ್ಲ.

«ಹೊಸದು ತಗೊಳ್ಳಿ ಎನ್ನಬೇಡಿ.»

ಈ ಸಾಲನ್ನು ಓದಿಯೂ ಹೇಳುವವರಿದ್ದಾರೆ. ಅಣ್ಣನ ಮಗ ಸುಮ್ಮನೆ ಹೇಳುವವನಲ್ಲ, ತೋರಿಸಿದ. ಆಂಡುರಿಲ್ ಎಂಬ ಮುಕ್ತ ತಂತ್ರಾಂಶ ಹಾಕಿದ ಟಾರ್ಚುಗಳಿವೆ. ಹೇಳಿಕೊಟ್ಟಂತೆ ಕೇಳುವ ಗುಣದಲ್ಲಿ ನನ್ನದರ ಮೊಮ್ಮಕ್ಕಳು. ಗುಂಡಿ ಹಿಡಿದರೆ ಬೆಳಕು ನುಣ್ಣಗೆ ಏರುತ್ತದೆ, ಇಳಿಯುತ್ತದೆ. ನನ್ನದಕ್ಕಿಂತ ಸಣ್ಣ ಬೆಳಕೂ ಉಂಟು, ಎಷ್ಟೋ ಪಟ್ಟು ದೊಡ್ಡದೂ ಉಂಟು. ಮೇಣದ ಬತ್ತಿಯಂತೆ ಅಲುಗಾಡುವುದು ಬೇಕೇ, ಇದೆ. ಸಿಡಿಲಿನಂತೆ ಮಿಂಚುವುದು ಬೇಕೇ, ಅದೂ ಇದೆ. ಯಾವ ಒತ್ತಿಗೆ ಏನು ಎಂಬ ನಕ್ಷೆ ಒಂದು ಪುಟ ತುಂಬುತ್ತದೆ. ಅದನ್ನೂ ನನ್ನ ಚೀಟಿಯ ಎಂಟು ಸಾಲಿಗೆ ಇಳಿಸಬಹುದು ಎಂದು ಅವನ ವಾದ. ಇಳಿಸಬಹುದು, ಒಪ್ಪಿದೆ. ಇಳಿಸಿದ ಮೇಲೆ ನನಗೆ ಸಿಗುವುದು ಈಗಾಗಲೇ ಮೊಳೆಯಲ್ಲಿ ನೇತಾಡುತ್ತಿರುವ ಟಾರ್ಚೇ, ಸ್ವಲ್ಪ ಹೊಸ ಬಣ್ಣದ್ದು.

ಬಣ್ಣದ ವಿಷಯಕ್ಕಾದರೂ ಕೊಳ್ಳಬಹುದಲ್ಲ ಎಂದು ಅವನು ಬಿಡಲಿಲ್ಲ. ಹಣ್ಣಡಿಕೆಯನ್ನು ನಾವು ಆರಿಸುವುದು ಹಗಲಲ್ಲಿ ಎಂದೆ. ಏನಾದರೂ ತರಲೇಬೇಕೆಂದಿದ್ದರೆ ಮುಂದಿನ ಸಲ ಬರುವಾಗ ಸಿಆರ್123ಎ ಒಂದು ಡಜನ್ ತಾ, ತಯಾರಾದ ವರ್ಷ ನೋಡಿ ತಾ ಎಂದು ಹೇಳಿ ಕಳಿಸಿದ್ದೇನೆ.