ವರ್ತುಲ ರಸ್ತೆಯೂ ನಮ್ಮ ಕಥೆಗಾರರೂ

ಊರೊಂದು ಬೆಳೆದ ಬಗೆಯನ್ನು ಅದರ ಸಾಹಿತ್ಯದಲ್ಲಿ ಅರಸುವುದು ವಿಮರ್ಶೆಗೆ ಸಲ್ಲುವ ಕೆಲಸವೇ. ಬೆಂಗಳೂರಿನ ಮಟ್ಟಿಗೆ ಹಾಗೆ ಹೊರಟವರಿಗೆ ವಿಚಿತ್ರವೊಂದು ಎದುರಾಗುತ್ತದೆ. ೧೮೯೮ರ ಪ್ಲೇಗಿನ ಸುಮಾರಿಗೆ ಮೈದಳೆದ ಬಸವನಗುಡಿ, ಮಲ್ಲೇಶ್ವರಗಳಿಗೆ ನಮ್ಮ ಬರವಣಿಗೆಯಲ್ಲಿ ಸಾಕಷ್ಟು ಎಡೆ ದೊರೆತಿದೆ. ನಿಸಾರ್ ಅಹಮದರ ಮೊದಲ ಸಂಕಲನದ (೧೯೬೦) ಹೆಸರೇ ‘ಮನಸು ಗಾಂಧಿ ಬಜಾರು’. ೧೯೪೮ರ ಜಯನಗರದವರೆಗೂ ನಮ್ಮ ಕಥೆಗಾರ ಹೇಗೋ ನಡೆದುಬಂದಿದ್ದಾನೆ. ಅಲ್ಲಿಂದಾಚೆಗೆ ಅವನ ಕಾಲು ಸೋತಿದೆ.

ಹೊರ ವರ್ತುಲ ರಸ್ತೆಯ ಸಂಗತಿಯನ್ನೇ ನೋಡಿ. ಹೆದ್ದಾರಿಯ ಲಾರಿಗಳು ಊರೊಳಗೆ ನುಗ್ಗದಿರಲೆಂದು ಅಭಿವೃದ್ಧಿ ಪ್ರಾಧಿಕಾರವು ೧೯೯೬ರಿಂದ ೨೦೦೨ರವರೆಗೆ ಹಂತಹಂತವಾಗಿ ಹಾಕಿಸಿದ, ಸುಮಾರು ೬೦ ಕಿಲೋಮೀಟರಿನ ದಾರಿ ಇದು. ಊರನ್ನು ಬಳಸಿ ಹೋಗಬೇಕಾಗಿದ್ದ ರಸ್ತೆ ಊರನ್ನೇ ತನ್ನೆಡೆಗೆ ಎಳೆದುಕೊಂಡಿತು. ಮಾರತ್ತಹಳ್ಳಿ, ಬೆಳ್ಳಂದೂರುಗಳ ಹೊಲಗಳಲ್ಲಿ ಗಾಜಿನ ಕಟ್ಟಡಗಳೆದ್ದವು. ಜಮೀನಿದ್ದವನ ಮಗ ಬಾಡಿಗೆಮನೆಗಳ ಯಜಮಾನನಾದ. ಅದೇ ಜಮೀನಿಗೆ ಕೂಲಿಗೆ ಬರುತ್ತಿದ್ದವನ ಮಗ ಕಟ್ಟಡದ ಬಾಗಿಲು ಕಾಯತೊಡಗಿದ. ಕಾದಂಬರಿಕಾರನಿಗೆ ಇದಕ್ಕಿಂತ ಸಾಮಗ್ರಿ ಬೇಕೆ?

ಆದರೂ ಕನ್ನಡದ ಗಟ್ಟಿಯಾದ ನಗರ ಕಾದಂಬರಿ ಯಾವುದೆಂದರೆ ಥಟ್ಟನೆ ನೆನಪಾಗುವುದು ಚಿತ್ತಾಲರ ‘ಶಿಕಾರಿ’ (೧೯೭೯). ಅದರ ಊರು ಮುಂಬಯಿ. ಜಯಂತ ಕಾಯ್ಕಿಣಿಯವರ ಒಳ್ಳೆಯ ಕಥೆಗಳಲ್ಲಿ ಹಲವು ಅಲ್ಲಿಯವೇ. ಮುಂಬಯಿಗೆ ಹೋದ ಕನ್ನಡಿಗ ಅಲ್ಲಿ ಪರಸ್ಥಳದವನು, ಕಣ್ಣಗಲಿಸಿ ನೋಡಿದ. ಬೆಂಗಳೂರಿನ ಲೇಖಕನೋ ತನ್ನೂರೇ ತಾನೆ ಎಂಬ ಸಲಿಗೆಯಿಂದ ನೋಡುವುದನ್ನೇ ಬಿಟ್ಟನೆಂದು ತೋರುತ್ತದೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (೨೦೧೩) ಇದಕ್ಕೆ ದೊಡ್ಡ ಅಪವಾದ. ಮಸಾಲೆ ವ್ಯಾಪಾರದಲ್ಲಿ ಹಣ ಕಂಡ ಕುಟುಂಬವೊಂದು ಇಕ್ಕಟ್ಟಿನ ಮನೆಯಿಂದ ದೊಡ್ಡ ಮನೆಗೆ ಹೋದಾಗ ಒಳಗೊಳಗೇ ಕೆಡುವ ರೀತಿಯನ್ನು ಇಷ್ಟು ಮಿತವಾದ ಮಾತಿನಲ್ಲಿ ಹೇಳಿದವರು ಕಡಿಮೆ. ಆದರೆ ಅದು ಬಡಾವಣೆಗೆ ಹೋದವರ ಕಥೆ. ಬಡಾವಣೆ ಯಾರ ಹೊಲದ ಮೇಲೆ ಬಂತೋ ಅವರದಲ್ಲ. ಇದನ್ನು ಆ ಕೃತಿಯ ದೋಷವೆನ್ನುವುದು ಅನ್ಯಾಯ. ಇನ್ನೊಂದು ಕೃತಿ ಬರಬೇಕಾಗಿದೆ, ಅಷ್ಟೆ.

ಅದು ಬೇಗ ಬಂದರೆ ವಾಸಿ. ತೆಲುಗು, ತಮಿಳುಗಳ ಸೋಂಕುಳ್ಳ ಅಲ್ಲಿನ ಕನ್ನಡ, ಅದರಲ್ಲಿ ನುಸುಳಿಕೊಂಡ ‘ನೋಟಿಫಿಕೇಷನ್’, ‘ಸೈಟು’, ‘ಖಾತೆ’ಗಳು, ಕೆರೆಯ ತೂಬು ಎಲ್ಲಿತ್ತೆಂಬ ನೆನಪು, ಇವೆಲ್ಲ ಈಗ ಮುದುಕರ ಬಾಯಲ್ಲಿವೆ. ಆ ಹಳ್ಳಿಗಳ ಹುಡುಗರು ನಮ್ಮ ತರಗತಿಗಳಿಗೂ ಬರುತ್ತಾರೆ. ನಿಮ್ಮೂರನ್ನು ಕುರಿತು ಪ್ರಬಂಧ ಬರೆಯಿರಪ್ಪಾ ಎಂದರೆ ಮಲೆನಾಡಿನ ಮಳೆಯನ್ನು ವರ್ಣಿಸಿ ಕೊಡುತ್ತಾರೆ.