ಕೊಡಲಿ ಹಿಡಿದು ಯುದ್ಧಕ್ಕೆ ಹೋದವರು

ಯುದ್ಧಕ್ಕೆ ಹೋದವನ ಮನೆಯಲ್ಲಿ ಸಾಮಾನ್ಯವಾಗಿ ಒಂದು ಭಾವಚಿತ್ರವಿರುತ್ತದೆ. ಸಮವಸ್ತ್ರ, ಸೊಂಟಕ್ಕೆ ಪಟ್ಟಿ, ಕೆಲವೊಮ್ಮೆ ಎದೆಯ ಮೇಲೊಂದು ಪದಕ. ಮೊಮ್ಮಕ್ಕಳು ಆ ಚಿತ್ರದಿಂದ ಹೊರಟು ಸೈನ್ಯದ ದಫ್ತರ ತಲುಪುತ್ತಾರೆ, ಅಜ್ಜ ಯಾವ ಪಡೆಯಲ್ಲಿದ್ದರು, ಎಲ್ಲಿ ಹೋರಾಡಿದರು ಎಂದು ಹುಡುಕುತ್ತಾರೆ. ಆದರೆ ಯುದ್ಧಕ್ಕೆಂದು ಹಡಗು ಹತ್ತಿ, ಬಂದೂಕನ್ನು ಮುಟ್ಟದೆ, ಪರದೇಶದ ಕಾಡಿನಲ್ಲಿ ಮರ ಕಡಿದವನ ಮೊಮ್ಮಕ್ಕಳು ಎಲ್ಲಿ ಹುಡುಕಬೇಕು? ಅವರ ಅಜ್ಜನ ಹೆಸರು ಸೈನಿಕರ ಪಟ್ಟಿಯಲ್ಲಿಲ್ಲ. ಊರ ಯುದ್ಧ ಸ್ಮಾರಕದಲ್ಲೂ ಇಲ್ಲ. ಉಳಿದಿರುವುದು ಮನೆಯವರ ಬಾಯಲ್ಲಿನ ಒಂದು ಮಾತು: "ಅಜ್ಜ ಯುದ್ಧಕ್ಕೆ ಹೋಗಿದ್ದರು."

ಈ ಮಾತನ್ನು ಚರಿತ್ರೆ ಎಂದು ಒಪ್ಪಬೇಕೇ ಅಥವಾ ಮನೆಯವರ ಅಭಿಮಾನ ಎಂದು ಬದಿಗಿಡಬೇಕೇ? ಕುಟುಂಬ ಚರಿತ್ರೆ ಎಂಬ ಪ್ರಕಾರವನ್ನು ನಾವು ಗಂಭೀರವಾಗಿ ಪರಿಗಣಿಸುವುದಾದರೆ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಅದಕ್ಕೆ ನಾವಿಲ್ಲಿ ಆಯ್ದುಕೊಂಡಿರುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಧ್ಯ ಅಮೆರಿಕದ ಬ್ರಿಟಿಷ್ ಹೊಂಡುರಾಸ್‌ನಿಂದ ಸ್ಕಾಟ್ಲೆಂಡ್‌ಗೆ ಹೋದ ಸುಮಾರು 900 ಮರಕಡಿಯುವವರ ಪ್ರಸಂಗ. ಆ ವಸಾಹತು 1973ರಲ್ಲಿ ಬೆಲೀಜ್ ಎಂಬ ಹೆಸರು ಪಡೆದು 1981ರಲ್ಲಿ ಸ್ವತಂತ್ರವಾಯಿತು.

ಮೊದಲು ಹಿನ್ನೆಲೆ. ಬ್ರಿಟನ್ ತನಗೆ ಬೇಕಾದ ಮರದ ಬಹುಭಾಗವನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ದೇಶ. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯ ಮೇಲೆ ದಾಳಿಯಿಟ್ಟಾಗ ಉತ್ತರ ಯುರೋಪಿನ ಮರದ ದಾರಿ ಮುಚ್ಚಿಹೋಯಿತು. ಅಟ್ಲಾಂಟಿಕ್ ದಾಟಿ ಬರುವ ಹಡಗುಗಳಿಗೆ ಜಲಾಂತರ್ಗಾಮಿಗಳ ಭಯ. ಮರವಿಲ್ಲದಿದ್ದರೆ ಕಲ್ಲಿದ್ದಲು ಗಣಿಯೊಳಗೆ ಚಾವಣಿ ಕುಸಿಯದಂತೆ ನಿಲ್ಲಿಸುವ ಆಸರೆ ಕಂಬಗಳಿಲ್ಲ. ಕಂಬಗಳಿಲ್ಲದಿದ್ದರೆ ಕಲ್ಲಿದ್ದಲಿಲ್ಲ, ಕಲ್ಲಿದ್ದಲಿಲ್ಲದೆ ಉಕ್ಕಿಲ್ಲ, ರೈಲಿಲ್ಲ. ಹಾಗಾಗಿ ಸ್ಕಾಟ್ಲೆಂಡಿನ ಕಾಡುಗಳಿಗೆ ಕೊಡಲಿ ಹಾಕಬೇಕಾಯಿತು. ಕಡಿಯುವ ಕೈಗಳನ್ನು ಸಾಮ್ರಾಜ್ಯದ ಮೂಲೆಮೂಲೆಗಳಿಂದ ಕರೆಸಲಾಯಿತು. 1939ರ ಕೊನೆಯಿಂದಲೇ ನ್ಯೂಫೌಂಡ್‌ಲ್ಯಾಂಡ್‌ನ ಮರಗೆಲಸದವರು ಬಂದರು; ಒಟ್ಟು 3,500ಕ್ಕೂ ಹೆಚ್ಚು ಮಂದಿ. ಕೆನಡಾದ ಅರಣ್ಯ ಪಡೆಯ ಸುಮಾರು 7,000 ಮಂದಿ ಬಂದರು. 1942ರಲ್ಲಿ ಬ್ರಿಟನ್ನಿನ ಹೆಣ್ಣುಮಕ್ಕಳದೇ ಒಂದು ಮರದ ದಳವೂ ರೂಪುಗೊಂಡಿತು.

ಬ್ರಿಟಿಷ್ ಹೊಂಡುರಾಸ್‌ನವರು ಎರಡು ತಂಡಗಳಲ್ಲಿ ಬಂದರು, 1941ರಲ್ಲಿ ಮೊದಲನೆಯದು, 1942ರಲ್ಲಿ ಎರಡನೆಯದು. ಅವರಿಗೆ ಮರ ಹೊಸದಲ್ಲ. ಆ ವಸಾಹತು ಬದುಕಿದ್ದೇ ಮಹಾಗನಿಯಿಂದ. ಇಂಗ್ಲೆಂಡಿನ ಸಿರಿವಂತರ ಮನೆಗಳ ಮೇಜು, ಕಪಾಟುಗಳಿಗಾಗಿ ಆಫ್ರಿಕಾ ಮೂಲದ ಗುಲಾಮರು ಅಲ್ಲಿನ ಕಾಡುಗಳಲ್ಲಿ ಮಹಾಗನಿ ಕಡಿದಿದ್ದರು. ಬೃಹತ್ ಮರದ ಬುಡ ತೀರಾ ದಪ್ಪವಿರುವುದರಿಂದ ಅದರ ಸುತ್ತ ಅಟ್ಟ ಕಟ್ಟಿ, ಅದರ ಮೇಲೆ ನಿಂತು ಕೊಡಲಿ ಬೀಸುವ ವಿದ್ಯೆ ಅವರದು. ಗುಲಾಮಗಿರಿ ಹೋದ ಮೇಲೂ ಕಾಡು ಕೆಲವೇ ಕಂಪೆನಿ, ಜಮೀನ್ದಾರರ ಕೈಯಲ್ಲಿ ಉಳಿಯಿತು. ಕೊಡಲಿ ಮಾತ್ರ ಅದೇ ಜನರ ಮಕ್ಕಳ ಕೈಯಲ್ಲಿ ಉಳಿಯಿತು. 1930ರ ದಶಕದಲ್ಲಿ ಮಹಾಗನಿ ಮಾರುಕಟ್ಟೆ ಬಿದ್ದುಹೋಯಿತು. 1931ರ ಸೆಪ್ಟೆಂಬರ್ 10ರಂದು ಚಂಡಮಾರುತ ಬೆಲೀಜ್ ನಗರವನ್ನು ನೆಲಸಮ ಮಾಡಿತು. ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 1934ರಲ್ಲಿ ಆಂಟೋನಿಯೋ ಸೊಬೆರಾನಿಸ್ ಎಂಬ ಕ್ಷೌರಿಕನ ಮುಂದಾಳುತನದಲ್ಲಿ ನಿರುದ್ಯೋಗಿಗಳು ಬೀದಿಗಿಳಿದರು. ಇಂಥ ಊರಿಗೆ ಲಂಡನ್ನಿನಿಂದ ಕೆಲಸದ ಕರೆ ಬಂದಾಗ ಜನ ಮುಂದೆ ಬಂದುದರಲ್ಲಿ ಆಶ್ಚರ್ಯವೇನಿದೆ?

ಇಲ್ಲಿಯೇ ಕುಟುಂಬ ಚರಿತ್ರೆಕಾರ ಮೊದಲ ಬಾರಿ ಎಡವುತ್ತಾನೆ. ಅಜ್ಜ ಹೋದದ್ದು ರಾಜನ ಮೇಲಿನ ನಿಷ್ಠೆಯಿಂದಲೋ, ಹೊಟ್ಟೆಪಾಡಿಗಾಗಿಯೋ? ಒಂದನ್ನು ಹೇಳಿದರೆ ಗೌರವ, ಇನ್ನೊಂದನ್ನು ಹೇಳಿದರೆ ಅವಮಾನ ಎಂಬ ಭಾವನೆ ಅನೇಕರಲ್ಲಿದೆ. ಇದು ತಪ್ಪು ಕಲ್ಪನೆ. ಹಸಿದ ಮನೆಯ ಹಿರಿಯ ಮಗನಲ್ಲಿ ಎರಡೂ ಒಟ್ಟಿಗೆ ಇರಬಹುದು. ಕೂಲಿಗಾಗಿ ಹೋದವನ ದುಡಿಮೆಯಿಂದ ಯುದ್ಧಕ್ಕೆ ಬಂದ ಮರ ಕಡಿಮೆಯಾಗುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಅವರಿಗೆ ಸಿಕ್ಕಿದ್ದೇನು? ಈಸ್ಟ್ ಲಿಂಟನ್, ಡನ್ಸ್, ಕರ್ಕ್‌ಪ್ಯಾಟ್ರಿಕ್ ಫ್ಲೆಮಿಂಗ್‌ಗಳಲ್ಲಿ ಮೊದಲ ತಂಡದವರ ಶಿಬಿರಗಳಿದ್ದವು. ಎರಡನೆಯ ತಂಡದವರು ಇನ್ನೂ ಉತ್ತರಕ್ಕೆ, ಗಾಲ್ಸ್‌ಪೀ, ಅಲ್ಲಾಪೂಲ್ ಮೊದಲಾದೆಡೆಗೆ ಹೋದರು. ಹಿಮವನ್ನು ಕಾಣದ ಉಷ್ಣವಲಯದವರು ಬಂದಿಳಿದಾಗ ಮರದ ಶೆಡ್ಡುಗಳು ಸರಿಯಾಗಿ ಸಿದ್ಧವಾಗಿರಲಿಲ್ಲ. ಚಳಿ, ತೇವ, ಸಾಲದ ಬೆಚ್ಚನೆಯ ಬಟ್ಟೆ, ಕಾಯಿಲೆ. ಅವರು ಸೈನಿಕರಲ್ಲ, ಸರಬರಾಜು ಮಂತ್ರಾಲಯದ ಕೆಳಗೆ ದುಡಿಯುತ್ತಿದ್ದ ನಾಗರಿಕ ಕೆಲಸಗಾರರು. ಸೈನ್ಯದ ಶಿಸ್ತಿಗೆ ಅವರು ಸೇರಲಿಲ್ಲ, ಹಾಗಾಗಿ ಸೈನ್ಯದ ಸೌಲಭ್ಯಕ್ಕೂ ಸೇರಲಿಲ್ಲ.

ಶಿಬಿರದ ಹೊರಗೆ ಅನೇಕ ಹಳ್ಳಿಗರು ಅವರನ್ನು ಮನೆಗೆ ಕರೆದರು, ಕುಣಿತದ ಕೂಟಗಳಿಗೆ ಸೇರಿಸಿಕೊಂಡರು. ಸ್ನೇಹ ಬೆಳೆಯಿತು, ಪ್ರೀತಿ ಬೆಳೆಯಿತು, ಮದುವೆಗಳಾದವು. ಇದು ಮೇಲಿನವರಿಗೆ ಹಿಡಿಸಲಿಲ್ಲ. ದೊಡ್ಡ ಭೂಮಾಲಿಕರಾಗಿದ್ದ ಬಕ್ಲೂ ಡ್ಯೂಕ್ ಅವರು 1942ರಲ್ಲಿ ವಸಾಹತು ಇಲಾಖೆಯಲ್ಲಿದ್ದ ಹೆರಾಲ್ಡ್ ಮ್ಯಾಕ್ಮಿಲನ್ ಅವರಿಗೆ ಪತ್ರ ಬರೆದು, ಈ ಕಪ್ಪು ಕೆಲಸಗಾರರು ಸ್ಥಳೀಯ ಹೆಣ್ಣುಮಕ್ಕಳೊಂದಿಗೆ ಬೆರೆಯುವುದರ ಬಗ್ಗೆ ದೂರಿದರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಮ್ಯಾಕ್ಮಿಲನ್ ಇವರೇ. ಕೆಲಸದ ಪ್ರಮಾಣ ಸಾಲದು, ಹವೆ ಒಗ್ಗುವುದಿಲ್ಲ ಎಂಬ ದೂರುಗಳೂ ಸೇರಿಕೊಂಡವು. ಯುದ್ಧ ಮುಗಿಯುವ ಮೊದಲೇ, 1943ರಲ್ಲಿ, ಘಟಕವನ್ನು ವಿಸರ್ಜಿಸಲಾಯಿತು. ಹೆಚ್ಚಿನವರನ್ನು ಊರಿಗೆ ಕಳುಹಿಸಿದರು. ಉಳಿದವರು ಬ್ರಿಟನ್ನಿನಲ್ಲೇ ಬೇರೆ ಕೆಲಸ ಹುಡುಕಿಕೊಂಡರು.

ಈಗ ಬರಹದ ವಿಚಾರಕ್ಕೆ ಬರೋಣ. ಈ ಪ್ರಸಂಗದ ಬಗ್ಗೆ ನಮಗೆ ಮೂರು ಬಗೆಯ ಆಧಾರಗಳು ಸಿಗುತ್ತವೆ. ಮೊದಲನೆಯದು ಸರಕಾರಿ ಕಡತ. ಅದರಲ್ಲಿ ಈ ಜನ ಸಮಸ್ಯೆಯಾಗಿ ಕಾಣಿಸಿಕೊಳ್ಳುತ್ತಾರೆ. ಆಳುವವರ ಕಡತಗಳ ಸ್ವಭಾವವೇ ಅಂಥದು. ಎಲ್ಲವೂ ಸರಿಯಿದ್ದ ದಿನ ಯಾವ ಅಧಿಕಾರಿಯೂ ಪತ್ರ ಬರೆಯುವುದಿಲ್ಲ. ನೂರು ಮಂದಿ ನೂರು ದಿನ ಸುಮ್ಮನೆ ದುಡಿದರೆ ಒಂದು ಸಾಲು, ಒಬ್ಬ ಒಂದು ದಿನ ಎದುರು ಮಾತಾಡಿದರೆ ಒಂದು ಪುಟ. ಇಂಥ ಪುಟಗಳನ್ನು ಓದಿದ ಮೊಮ್ಮಗಳಿಗೆ ತನ್ನ ಅಜ್ಜ ಸೋಮಾರಿಯೂ ಪುಂಡನೂ ಆಗಿ ಕಂಡರೆ ತಪ್ಪು ಅವಳದಲ್ಲ. ಅದೇ ಕಡತದ ಇನ್ನೊಂದು ಹಾಳೆಯಲ್ಲಿ ಶೆಡ್ಡಿನ ದುಃಸ್ಥಿತಿಯ ವರದಿಯಿದ್ದರೆ, ಎರಡನ್ನೂ ಪಕ್ಕದಲ್ಲಿಟ್ಟು ಓದುವ ಜವಾಬ್ದಾರಿ ಮಾತ್ರ ಅವಳದು. ಒದ್ದೆ ಹಾಸಿಗೆಯಲ್ಲಿ ಮಲಗಿದವನು ಮರುದಿನ ಎಷ್ಟು ಮರ ಕಡಿದಾನು?

ಎರಡನೆಯದು ಪುಸ್ತಕ. ಆ ಘಟಕದಲ್ಲೇ ದುಡಿದು ಬ್ರಿಟನ್ನಿನಲ್ಲಿ ನೆಲೆಸಿದ ಅಮೋಸ್ ಫೋರ್ಡ್ ಅವರು 1985ರಲ್ಲಿ 'ಟೆಲ್ಲಿಂಗ್ ದಿ ಟ್ರೂತ್' ಎಂಬ ಪುಸ್ತಕ ಪ್ರಕಟಿಸಿದರು. 'ಸತ್ಯವನ್ನು ಹೇಳುವುದು' ಎಂಬ ಈ ಹೆಸರೇ ಒಂದು ವಾದ. ಸತ್ಯ ಹೇಳಬೇಕಾಗಿ ಬಂದುದು ಅದುವರೆಗೆ ಬೇರೇನನ್ನೋ ಹೇಳಲಾಗುತ್ತಿತ್ತು ಎಂಬುದರಿಂದ. ಕಡತದಲ್ಲಿ ಬರೇ ತಲೆಯೆಣಿಕೆಯಾಗಿದ್ದವನು ನಲವತ್ತು ವರ್ಷಗಳ ನಂತರ ಎದ್ದು ನಿಂತು ಸಾಕ್ಷಿ ನುಡಿದದ್ದು ಸಣ್ಣ ಸಂಗತಿಯಲ್ಲ. ಅದೇ ವರ್ಷ ಇತಿಹಾಸಕಾರ್ತಿ ಮಾರಿಕಾ ಶೆರ್ವುಡ್ ಅವರ 'ಮೆನಿ ಸ್ಟ್ರಗಲ್ಸ್' ಕೂಡ ಯುದ್ಧಕಾಲದ ಬ್ರಿಟನ್ನಿನಲ್ಲಿ ದುಡಿದ ವೆಸ್ಟ್ ಇಂಡೀಸ್‌ನವರ ವಿಚಾರವನ್ನು ಎತ್ತಿತು. ಮೂರನೆಯದು ಚಿತ್ರ. ಸನಾ ಬಿಲ್ಗ್ರಾಮಿ ಅವರ 2004ರ 'ಟ್ರೀಫೆಲ್ಲರ್ಸ್' ಸಾಕ್ಷ್ಯಚಿತ್ರ ಈ ಮರಕಡಿಯುವವರ ಕಥೆಯನ್ನು ತೆರೆಗೆ ತಂದಿತು. ಅಷ್ಟು ಹೊತ್ತಿಗೆ ಸಾಕ್ಷಿಗಳು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದರು. ಎಡಿನ್‌ಬರೋದಲ್ಲಿ ನೆಲೆಸಿದ್ದ ಸ್ಯಾಮ್ ಮಾರ್ಟಿನೆಜ್ ಅವರು 2016ರಲ್ಲಿ 106ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಪ್ರಯತ್ನಗಳ ಬೆಲೆಯನ್ನು ಒಪ್ಪಿಕೊಂಡೇ ನಾವು ಒಂದು ಕೊರತೆಯನ್ನು ಹೇಳಬೇಕಾಗಿದೆ. ಘಟಕದ ಚರಿತ್ರೆ ಗಂಡಸರ ಚರಿತ್ರೆ. ಅದು ಹಡಗಿನಲ್ಲಿ ಆರಂಭವಾಗಿ ಶಿಬಿರದಲ್ಲಿ ಮುಗಿಯುತ್ತದೆ. ಆದರೆ ಬೆಲೀಜ್ ನಗರದ ಬಂದರಿನಲ್ಲಿ ಕೈಬೀಸಿ ನಿಂತವರ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ಹಣ ತಿಂಗಳಿಗೆ ಸರಿಯಾಗಿ ಬಂತೇ, ಪತ್ರ ಬಂತೇ, ಪತ್ರ ನಿಂತುಹೋದದ್ದು ಯಾವಾಗ, ಮರಳಿ ಬಂದವನು ಹೋದವನಂತೆಯೇ ಇದ್ದನೇ, ಬಾರದೇ ಉಳಿದವನ ಮಕ್ಕಳನ್ನು ಸಾಕಿದವರಾರು? ಅತ್ತ ಸ್ಕಾಟ್ಲೆಂಡಿನ ಹಳ್ಳಿಯಲ್ಲಿ ಅವನ ಮಗುವನ್ನು ಹೆತ್ತ ಹುಡುಗಿ ಊರಿನವರ ಕಣ್ಣನ್ನು ಹೇಗೆ ಎದುರಿಸಿದಳು? ಡ್ಯೂಕ್ ಅವರ ದೂರಿನಲ್ಲಿ ಆ ಹುಡುಗಿಯರು ಇದ್ದಾರೆ, ಆದರೆ ಅವರ ಮಾತಿಲ್ಲ. ಕೆಲಸಗಾರರನ್ನು ಸಮರ್ಥಿಸುವ ಬರಹಗಳಲ್ಲೂ ಆ ಮಾತು ಧಾರಾಳವಾಗಿ ಕೇಳುವುದಿಲ್ಲ.

ಈ ಜಾಗವನ್ನು ತುಂಬಬಲ್ಲುದು ಕುಟುಂಬ ಚರಿತ್ರೆ ಮಾತ್ರ. ಮನೆಯ ಹೆಂಗಸರು ಜೋಪಾನ ಮಾಡಿದ ಕಾಗದ, ಹಣ ಬಂದ ರಶೀದಿ, ಮದುವೆಯ ದಾಖಲೆ, ತಂದೆಯ ಹೆಸರಿನ ಜಾಗ ಖಾಲಿಯಿರುವ ಜನನ ಪತ್ರ. ಇವು ಸಣ್ಣ ಕಾಗದಗಳಲ್ಲ. ಸರಕಾರ ಬರೆಯದೆ ಬಿಟ್ಟದ್ದು ಇವುಗಳಲ್ಲಿದೆ. ದುಡಿಯಲು ದೂರ ಹೋದವರಿರುವ ಯಾವ ಕುಟುಂಬಕ್ಕೂ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಕುಟುಂಬ ಚರಿತ್ರೆಯೂ ಪರೀಕ್ಷೆಗೆ ಒಳಪಡಬೇಕು. ಸರಕಾರ ತನ್ನ ತಪ್ಪನ್ನು ಮುಚ್ಚುವಂತೆ ಮನೆಯೂ ತನ್ನ ತಪ್ಪನ್ನು ಮುಚ್ಚುತ್ತದೆ. ಅಜ್ಜನಿಗೆ ಎರಡು ಕಡೆ ಸಂಸಾರವಿತ್ತು ಎಂಬುದನ್ನು ಒಂದು ಕಡೆಯವರು ಅಳಿಸಿರುತ್ತಾರೆ. ಅವಮಾನದ ಮುಂದೆ ಪದಕವನ್ನು ಹಿಡಿಯುವ ಆತುರದಲ್ಲಿ ಮರಕಡಿಯುವವನನ್ನು ಸೈನಿಕನನ್ನಾಗಿ ಮಾಡುವವರೂ ಇದ್ದಾರೆ. ಅದರ ಅಗತ್ಯವಿಲ್ಲ. ಅವನು ಮರ ಕಡಿದ. ಆ ಮರ ಯುದ್ಧಕ್ಕೆ ಬೇಕಾಗಿತ್ತು. ಬೇಕಾದಾಗ ಕರೆದವರು ಬೇಡವಾದಾಗ ಕಳುಹಿಸಿದರು. ಇಷ್ಟನ್ನು ನೆಟ್ಟಗೆ ಹೇಳಿದರೆ ಅವನ ಘನತೆ ತಾನಾಗಿ ಉಳಿಯುತ್ತದೆ. ಕಡತ ಅಜ್ಜನನ್ನು ಸಣ್ಣವನನ್ನಾಗಿ ಮಾಡಿತೆಂದು ದೂರುವವರು ಅಜ್ಜ ತೊರೆದುಬಿಟ್ಟ ಹೆಂಡತಿಯನ್ನು ತಮ್ಮ ಪುಸ್ತಕದಿಂದ ಕೈಬಿಟ್ಟರೆ, ಡ್ಯೂಕ್‌ಗೂ ಅವರಿಗೂ ಏನು ವ್ಯತ್ಯಾಸ?

ಇದು ಕೆಲವು ಮನೆಗಳ ಖಾಸಗಿ ವ್ಯವಹಾರವೂ ಅಲ್ಲ. ಬ್ರಿಟನ್ನಿಗೆ ಕಪ್ಪು ಜನ ಬಂದದ್ದೇ 1948ರಲ್ಲಿ, 'ಎಂಪೈರ್ ವಿಂಡ್‌ರಶ್' ಹಡಗಿನಲ್ಲಿ ಎಂಬಂತೆ ಅನೇಕರು ಮಾತಾಡುತ್ತಾರೆ. ಆ ಪೀಳಿಗೆಯ ವೃದ್ಧರಲ್ಲಿ ಕೆಲವರನ್ನು, ಕಾಗದವಿಲ್ಲವೆಂಬ ಕಾರಣಕ್ಕೆ, ಅಕ್ರಮ ವಾಸಿಗಳಂತೆ ನಡೆಸಿಕೊಂಡದ್ದು 2018ರಲ್ಲಿ ಬಯಲಾಯಿತು. ಅಜ್ಜ ಯಾವಾಗ ಬಂದರು, ಯಾರು ಕರೆದರು, ಏನು ದುಡಿದರು ಎಂಬ ದಾಖಲೆ ಮೊಮ್ಮಕ್ಕಳ ಹಕ್ಕಿಗೂ ಸಂಬಂಧಿಸಿದ್ದು ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಅದೇ ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿ, ಅದೇ ವರ್ಷಗಳಲ್ಲಿ, ಅವಿಭಜಿತ ಭಾರತದಿಂದ ಹೋದ ಹೇಸರಗತ್ತೆಗಳ ತುಕಡಿಗಳೂ ಇದ್ದವು. ಅವರಲ್ಲಿ ಬಹುಪಾಲು ಪಂಜಾಬಿನ ಮುಸ್ಲಿಮರು. ಡನ್‌ಕರ್ಕ್‌ನಿಂದ ಪಾರಾಗಿ ಬಂದವರು ಅವರಲ್ಲಿದ್ದರು. ಕಿಂಗೂಸಿ ಎಂಬ ಊರಿನ ಸ್ಮಶಾನದಲ್ಲಿ ಅವರಲ್ಲಿ ಒಂಬತ್ತು ಮಂದಿಯ ಗೋರಿಗಳಿವೆ. ಅವರು ಸೈನ್ಯಕ್ಕೆ ಸೇರಿದವರಾದ್ದರಿಂದ ಗೋರಿಗೆ ಹೆಸರಿನ ಕಲ್ಲಾದರೂ ದಕ್ಕಿತು. ಮರದ ದಳದ ಹೆಣ್ಣುಮಕ್ಕಳಿಗೆ 2007ರಲ್ಲಿ, ಆರು ದಶಕ ತಡವಾಗಿಯಾದರೂ, ಅಬರ್‌ಫಾಯಲ್ ಸಮೀಪ ಒಂದು ಪ್ರತಿಮೆ ನಿಂತಿತು. ಯಾರನ್ನು ಯಾವ ಪಟ್ಟಿಗೆ ಸೇರಿಸಿದ್ದರು ಎಂಬುದರ ಮೇಲೆ ನೆನಪೂ ನಿಂತಿರುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಬೆಲೀಜ್ ದೇಶದ ಧ್ವಜದ ನಡುವೆ ಒಂದು ಮಹಾಗನಿ ಮರವಿದೆ. ಅದರ ಮುಂದೆ ಮರಗೆಲಸದ ಉಪಕರಣಗಳ ಗುರಾಣಿ, ಇಕ್ಕೆಲದಲ್ಲಿ ಇಬ್ಬರು ಕೆಲಸಗಾರರು. ಅವರ ಕಾಲಕೆಳಗಿನ ಪಟ್ಟಿಯಲ್ಲಿ, ನೆರಳಿನಲ್ಲಿ ನಾನು ಅರಳುತ್ತೇನೆ ಎಂಬರ್ಥದ ಲ್ಯಾಟಿನ್ ಮಾತಿದೆ. ಮರ ಕಡಿಯುವವರನ್ನು ಧ್ವಜದ ಮೇಲೆ ನಿಲ್ಲಿಸಿದ ದೇಶದ ಈ 900 ಮಂದಿಗೆ ಸ್ಕಾಟ್ಲೆಂಡಿನ ಚಳಿಯಲ್ಲಿ ಒಂದು ಸರಿಯಾದ ಸೂರು ಇರಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಸಾಗರದ ಎರಡೂ ದಡಗಳಲ್ಲಿದ್ದಾರೆ. ಒಂದು ದಡದವರು ಇನ್ನೊಂದು ದಡದವರ ಪೆಟ್ಟಿಗೆಯನ್ನೂ ಕೇಳಿ, ತೆರೆಸಿ, ಓದಿ ಬರೆಯಲಿ. ಆಗ "ಅಜ್ಜ ಯುದ್ಧಕ್ಕೆ ಹೋಗಿದ್ದರು" ಎಂಬ ಮನೆಮಾತಿನ ಪಕ್ಕದಲ್ಲಿ "ಅಜ್ಜಿ ಮನೆ ನಡೆಸಿದ್ದಳು" ಎಂಬ ಇನ್ನೊಂದು ಸಾಲೂ ಬಂದೀತು.